ಮಂಗನ ಕಾಯಿಲೆ ಊರಿಗೆ ಬಂದಾಗ ಹೆದರಿಕೆಯನ್ನು ನಿಭಾಯಿಸುವ ಬಗೆ

ಮಲೆನಾಡಿನಲ್ಲಿ ಅಡಿಕೆ ಕೊಯ್ಲು ಶುರುವಾಗುವ ಹೊತ್ತಿಗೇ ಮಂಗನ ಕಾಯಿಲೆಯ ಕಾಲವೂ ಶುರುವಾಗುತ್ತದೆ. ಮಳೆ ಪೂರ್ತಿ ನಿಂತು ಬೆಟ್ಟದ ನೆಲ ಒಣಗತೊಡಗಿದ ಮೇಲೆ, ಯಾರದೋ ಸೊಪ್ಪಿನ ಬೆಟ್ಟದಲ್ಲಿ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ, ಒಂದು ಮುಸಿಯ ಸತ್ತು ಬಿದ್ದಿದೆ ಎಂಬ ಸುದ್ದಿ ಮಧ್ಯಾಹ್ನ ಬಂದರೆ, ಸಂಜೆ ಹಾಲಿನ ಡೇರಿಯ ಮುಂದೆ ಅದು ಮೂರು ಮಂಗಗಳಾಗಿರುತ್ತದೆ, ಮರುದಿನ ಬೆಳಿಗ್ಗೆ ಪಕ್ಕದ ಊರಿನ ಇಬ್ಬರು ಐಸಿಯುನಲ್ಲಿದ್ದಾರೆ ಎಂಬ ವಾಟ್ಸ್ಯಾಪ್ ಸಂದೇಶವಾಗಿರುತ್ತದೆ. ಆ ಸಂದೇಶ ನಿಜವೂ ಇರಬಹುದು, ಎರಡು ವರ್ಷ ಹಳೆಯದೂ ಇರಬಹುದು. ಅಂಥ ಹೊತ್ತಿನಲ್ಲಿ ಊರಿನವರು ಯಾರ ಮುಖ ನೋಡುತ್ತಾರೋ ಅವರಿಗಾಗಿ, ಅಂದರೆ ಪಂಚಾಯಿತಿ ಸದಸ್ಯರು, ಶಾಲೆಯ ಮೇಷ್ಟ್ರು, ಡೇರಿಯ ಕಾರ್ಯದರ್ಶಿ, ಆಶಾ ಕಾರ್ಯಕರ್ತೆ, ಕೇರಿಯ ಹಿರಿಯರು ಇಂಥವರಿಗಾಗಿ ಈ ಬರಹ. ಚಿಕಿತ್ಸೆ ವೈದ್ಯರಿಗೆ ಬಿಟ್ಟದ್ದು. ರೋಗದ ಸುದ್ದಿ ಬಂದ ಮೊದಲ ಎರಡು ಮೂರು ವಾರ ಊರು ಹೇಗೆ ನಡೆದುಕೊಳ್ಳಬೇಕು ಎಂಬುದನ್ನಷ್ಟೇ ಇಲ್ಲಿ ಹೇಳುತ್ತೇನೆ.

ಜನರ ಹೆದರಿಕೆಯನ್ನು ಪೂರ್ತಿ ಓಡಿಸಿಬಿಡಬೇಕು ಎಂದು ಹೊರಡಬೇಡಿ. ಹೆದರಿಕೆಯೇ ಇಲ್ಲದ ಮನೆಗಳಲ್ಲಿ, ಈ ರೋಗ ಹರಡುವ ಉಣುಗು (ಸಣ್ಣ ಉಣ್ಣೆ) ಕಚ್ಚದಂತೆ ಹಚ್ಚಿಕೊಳ್ಳುವ ಎಣ್ಣೆಯ ಬಾಟಲಿ ಸೀಲು ಒಡೆಯದೆ ದೇವರ ಗೂಡಿನ ಪಕ್ಕದಲ್ಲಿ ಕುಳಿತಿರುವುದನ್ನು ನೋಡಿದ್ದೇನೆ. ತೊಂದರೆ ಇರುವುದು ಹೆದರಿಕೆ ತಪ್ಪು ಕಡೆಗೆ ತಿರುಗುವುದರಲ್ಲಿ. ಜನ ಜ್ವರ ಬಂದ ಮನೆಗೆ ಹೆದರುತ್ತಾರೆ, ಆ ಮನೆಯ ಅಂಗಳ ದಾಟಿ ಹೋಗುವ ದಾರಿಯನ್ನು ಬಿಟ್ಟು ಬೆಟ್ಟದ ಒಳಗಿನ ಕಾಲುದಾರಿ ಹಿಡಿಯುತ್ತಾರೆ. ಉಣುಗು ಇರುವುದು ಆ ಕಾಲುದಾರಿಯಲ್ಲಿ.

ಮೊದಲು ರೋಗದ ದಾರಿ ತಿಳಿದುಕೊಳ್ಳಿ

1957ರ ಬೇಸಿಗೆಯಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಹಳ್ಳಿಗಳಲ್ಲಿ ಜನರೂ ಜ್ವರ ಹಿಡಿದು ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ವಿಜ್ಞಾನಿಗಳಿಗೆ ಮೊದಲು ಬಂದ ಅನುಮಾನ ಹಳದಿ ಜ್ವರದ್ದು, ಏಕೆಂದರೆ ದಕ್ಷಿಣ ಅಮೆರಿಕದಲ್ಲಿ ಆ ಜ್ವರ ಬಂದಾಗ ಮಂಗಗಳು ಹೀಗೆಯೇ ಸಾಯುತ್ತವೆ; ಏಷ್ಯಾಕ್ಕೆ ಅದು ಅದುವರೆಗೆ ಕಾಲಿಟ್ಟಿರಲಿಲ್ಲವಾದ್ದರಿಂದ ಗಾಬರಿಯೂ ಅಷ್ಟೇ ದೊಡ್ಡದಾಗಿತ್ತು. ಪರೀಕ್ಷೆಯಲ್ಲಿ ಸಿಕ್ಕಿದ್ದು ಬೇರೆಯೇ ವೈರಸ್, ರಷ್ಯಾದ ಕಾಡುಗಳಲ್ಲಿ ಉಣ್ಣೆಯಿಂದ ಹರಡುವ ಮಿದುಳು ಜ್ವರದ ವೈರಸ್ಸಿನ ಹತ್ತಿರದ ನೆಂಟ. ಕಾಡಿನ ಹೆಸರನ್ನೇ ರೋಗಕ್ಕೆ ಇಟ್ಟರು, ವೈದ್ಯರ ಚೀಟಿಯಲ್ಲಿ ಕೆಎಫ್‌ಡಿ (ಕ್ಯಾಸನೂರು ಫಾರೆಸ್ಟ್ ಡಿಸೀಸ್) ಎಂದು ಬರೆದಿರುವುದು ಇದನ್ನೇ.

ಇದನ್ನು ಹರಡುವುದು ಉಣುಗು, ಅದರಲ್ಲೂ ಮುಖ್ಯವಾಗಿ ಹೀಮೋಫೈಸಾಲಿಸ್ ಸ್ಪಿನಿಜೆರಾ ಎಂಬ ಜಾತಿಯದು. ದನದ ಕಿವಿಯಲ್ಲಿ ಉಬ್ಬಿಕೊಂಡು ಕಾಣುವ ದೊಡ್ಡ ಉಣ್ಣೆಯನ್ನು ನೋಡಿ ರೂಢಿಯಾದ ನಮ್ಮ ಕಣ್ಣಿಗೆ ಮನುಷ್ಯನನ್ನು ಕಚ್ಚುವ ಉಣುಗು ಸುಲಭವಾಗಿ ಬೀಳುವುದಿಲ್ಲ. ಅದು ಇನ್ನೂ ಬೆಳೆಯುತ್ತಿರುವ ಮರಿ, ಎಳ್ಳಿನ ಕಾಳಿಗಿಂತಲೂ ಚಿಕ್ಕದು, ಪಾದದ ಗಂಟಿನ ಹತ್ತಿರ ಕೂತರೆ ಮಣ್ಣಿನ ಚುಕ್ಕೆ ಎಂದೇ ತಿಳಿಯಬೇಕು. ಈ ಮರಿಗಳು ಹೆಚ್ಚಾಗಿ ಇರುವುದು ನವೆಂಬರ್–ಡಿಸೆಂಬರಿನಿಂದ ಮೇ ತಿಂಗಳವರೆಗೆ, ಆದ್ದರಿಂದಲೇ ರೋಗಕ್ಕೂ ಅದೇ ಕಾಲ. ಕರಿ ಮೋರೆಯ ಮುಸಿಯ ಮತ್ತು ಸಾಮಾನ್ಯ ಕೆಂಪು ಮಂಗ ಎರಡಕ್ಕೂ ಈ ವೈರಸ್ ತಗಲಿದರೆ ಬದುಕುವುದು ಕಷ್ಟ. ಮಂಗ ಸತ್ತು ಮೈ ತಣ್ಣಗಾದ ಮೇಲೆ ಅದರ ಮೇಲಿದ್ದ ಉಣುಗುಗಳು ಇಳಿದು ಸುತ್ತಲಿನ ದರಗಿನಲ್ಲಿ, ಅಂದರೆ ಉದುರಿದ ಒಣ ಎಲೆಗಳಲ್ಲಿ, ಹರಡಿಕೊಳ್ಳುತ್ತವೆ. ಸತ್ತ ಮಂಗ ಅಪಾಯದ ಗುರುತಾಗುವುದು ಹೀಗೆ.

ರೋಗಿಯಿಂದ ಇನ್ನೊಬ್ಬರಿಗೆ ಇದು ಹರಡುವುದಿಲ್ಲ. ಕೆಮ್ಮಿನಿಂದಾಗಲಿ, ಒಂದೇ ಲೋಟದ ನೀರಿನಿಂದಾಗಲಿ, ಪಕ್ಕದಲ್ಲಿ ಮಲಗುವುದರಿಂದಾಗಲಿ ಬಂದ ಉದಾಹರಣೆ ಆರು ದಶಕಗಳಿಗೂ ಮೀರಿದ ಅನುಭವದಲ್ಲಿ ಕಂಡುಬಂದಿಲ್ಲ. ಒಂದೇ ಮನೆಯ ಇಬ್ಬರಿಗೆ ಬಂದರೆ ಇಬ್ಬರೂ ಒಂದೇ ಬೆಟ್ಟಕ್ಕೆ ಹೋಗಿದ್ದರು ಎಂದು ತಿಳಿಯಬೇಕು. ಊರಿನಲ್ಲಿ ಬೇರೆ ಏನು ಹೇಳಲು ಸಮಯವಿಲ್ಲದಿದ್ದರೂ ಈ ಒಂದನ್ನು ಹೇಳಿ, ಮತ್ತೆ ಮತ್ತೆ ಹೇಳಿ, ಏಕೆಂದರೆ ಕೊರೋನಾ ಕಾಲದ ನೆನಪು ಜನರ ಮೈಯಲ್ಲಿ ಇನ್ನೂ ಇದೆ. ಜ್ವರ ಎಂದ ಕೂಡಲೇ ಬಾಗಿಲು ಹಾಕಿಕೊಳ್ಳುವುದನ್ನು ನಾವೆಲ್ಲ ಅಭ್ಯಾಸ ಮಾಡಿಕೊಂಡಿದ್ದೇವೆ.

ಹೆಸರಿನ ಗೊಂದಲವನ್ನೂ ಆಗಲೇ ಬಿಡಿಸಿಬಿಡಿ. ಮಂಗನಬಾವು ಎಂದರೆ ಕೆನ್ನೆಯ ಕೆಳಗೆ ಊದಿಕೊಳ್ಳುವ, ಮಕ್ಕಳಿಂದ ಮಕ್ಕಳಿಗೆ ಅಂಟುವ ಬೇರೆಯೇ ರೋಗ. ಕೆನ್ನೆ ಊದಿದ ಮಗುವನ್ನು ನೋಡಿ ಮಂಗನ ಕಾಯಿಲೆ ಎಂದು ಅಂಗನವಾಡಿಗೇ ಮಕ್ಕಳನ್ನು ಕಳಿಸದ ತಾಯಂದಿರು ಇದ್ದಾರೆ, ಅವರನ್ನು ನೋಡಿ ನಗಬಾರದು, ಹೆಸರು ಇಟ್ಟವರದ್ದೇ ತಪ್ಪು.

ಸತ್ತ ಮಂಗ ಕಂಡ ದಿನ

ಮುಟ್ಟಬೇಡಿ, ಕೋಲಿನಿಂದ ತಿರುವಿ ನೋಡಬೇಡಿ, ಫೋಟೋ ತೆಗೆಯಲು ಹತ್ತಿರ ಹೋಗಬೇಡಿ. ನಮ್ಮಲ್ಲಿ ಸತ್ತ ಮಂಗಕ್ಕೆ ಹಾರ ಹಾಕಿ, ಹೊತ್ತುಕೊಂಡು ಹೋಗಿ ಮಣ್ಣು ಮಾಡುವ ಪದ್ಧತಿ ಹಲವು ಊರುಗಳಲ್ಲಿದೆ, ಆಂಜನೇಯನ ಮೇಲಿನ ಭಕ್ತಿಯಿಂದ ಮಾಡುವ ಕೆಲಸ ಅದು. ಕಾಯಿಲೆಯ ಕಾಲದಲ್ಲಿ ಮಾತ್ರ ಅದನ್ನು ನಿಲ್ಲಿಸಬೇಕು. ಇದನ್ನು ಹೇಳುವಾಗ ಮೂಢನಂಬಿಕೆ ಎಂಬ ಮಾತನ್ನು ಬಾಯಿಂದ ತೆಗೆಯದಿದ್ದರೆ ಜನ ಕೇಳುತ್ತಾರೆ. ಸಂಸ್ಕಾರ ಆಗಿಯೇ ಆಗುತ್ತದೆ, ಇಲಾಖೆಯವರು ಮಾದರಿ ತೆಗೆದುಕೊಂಡ ಮೇಲೆ ಸುಡುತ್ತಾರೆ, ನಾವು ದೂರದಿಂದ ಕೈ ಮುಗಿದರೆ ಸಾಕು ಎಂದರೆ ಹಿರಿಯರು ಒಪ್ಪುವುದನ್ನು ನಾನೇ ನೋಡಿದ್ದೇನೆ.

ತಕ್ಷಣ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ, ಅರಣ್ಯ ಇಲಾಖೆಯ ಗಾರ್ಡಿಗೆ, ಪಶು ಆಸ್ಪತ್ರೆಗೆ ಫೋನು ಮಾಡಿ, ಮಾಡಿದ ಸಮಯವನ್ನು ಬರೆದಿಡಿ. ಮೂವರಿಗೂ ಏಕೆಂದರೆ ಒಬ್ಬರು ಇನ್ನೊಬ್ಬರ ಕೆಲಸ ಎನ್ನುವ ಸಾಧ್ಯತೆ ಇದ್ದೇ ಇರುತ್ತದೆ. ಮಂಗ ಬಿದ್ದ ಜಾಗದ ಸುತ್ತ ಸುಮಾರು 50 ಅಡಿ ದೂರದವರೆಗೆ ಮೆಲಾಥಿಯಾನ್ ಎಂಬ ಕೀಟನಾಶಕದ ಪುಡಿ ಹಾಕುವುದು ರೂಢಿಯ ಕ್ರಮ, ಆ ಕೆಲಸ ಸಿಬ್ಬಂದಿಯದು. ಅಡಿಕೆ ತೋಟಕ್ಕೆ ತಂದ ಔಷಧಿಯನ್ನು ನೀವೇ ಹೊಡೆಯಲು ಹೋಗಬೇಡಿ, ಕೆಳಗೆ ಹಳ್ಳವಿರುತ್ತದೆ, ಆ ನೀರು ಇನ್ಯಾರದೋ ಬಾವಿಯ ಬುಡಕ್ಕೆ ಬರುತ್ತದೆ. ಅವರು ಬರುವವರೆಗೆ ನಿಮ್ಮ ಕೆಲಸ ದಾರಿಗೆ ಅಡ್ಡ ಬೇಲಿ ಕಟ್ಟಿ, ಕಣ್ಣಿಗೆ ಕಾಣುವಂತೆ ಒಂದು ಕೆಂಪು ಬಟ್ಟೆ ನೇತುಹಾಕುವುದು.

ಮಂಗಗಳನ್ನು ಹೊಡೆಯಬೇಕು, ಪಟಾಕಿ ಹಚ್ಚಿ ಊರಾಚೆ ಓಡಿಸಬೇಕು ಎಂಬ ಮಾತು ಈ ಹೊತ್ತಿನಲ್ಲಿ ಖಂಡಿತ ಬರುತ್ತದೆ. ಬೆಳೆ ಹಾಳು ಮಾಡುವ ಮಂಗಗಳ ಮೇಲಿನ ಹಳೆಯ ಸಿಟ್ಟೂ ಇದಕ್ಕೆ ಸೇರಿಕೊಂಡಿರುತ್ತದೆ. ಕಾಯಿಲೆ ಬಿದ್ದ ಮಂಗ ಓಡಿದರೆ ತನ್ನ ಉಣುಗುಗಳನ್ನೂ ಹೊತ್ತುಕೊಂಡೇ ಓಡುತ್ತದೆ, ಇನ್ನೊಂದು ಬೆಟ್ಟದಲ್ಲಿ ಬಿದ್ದು ಸಾಯುತ್ತದೆ. ಈ ಮಾತನ್ನು ಕೇರಿಯ ಹುಡುಗರಿಗೆ ಲೆಕ್ಕದ ಹಾಗೆ ಬಿಡಿಸಿ ಹೇಳಿದರೆ ಕಾನೂನಿನ ಹೆದರಿಕೆ ಹುಟ್ಟಿಸುವ ಅಗತ್ಯ ಬೀಳುವುದಿಲ್ಲ.

ಊರಿಗೆ ಹೇಳುವುದು ಹೇಗೆ

ಮೊದಲ ಬಾರಿ ಇಂಥ ಸಭೆ ಕರೆದಾಗ ನಾನು ಸುತ್ತೋಲೆಯನ್ನು ಓದಿದೆ. ಅದರಲ್ಲಿ ಎಲ್ಲವೂ ಸರಿಯಾಗಿಯೇ ಇತ್ತು, ಆದರೆ ‘ಸಾರ್ವಜನಿಕರು ಭಯಪಡುವ ಅಗತ್ಯವಿಲ್ಲ’ ಎಂಬ ಸಾಲು ಬಂದ ಕೂಡಲೇ ಹಿಂದಿನ ಸಾಲಿನಲ್ಲಿ ಕೂತಿದ್ದ, ಅಡಿಕೆ ಮರ ಹತ್ತಿ ಕೊನೆ ಇಳಿಸುವ ಕೊನೆಗಾರನೊಬ್ಬ ಎದ್ದು ಹೋದ. ಭಯಪಡಬೇಡಿ ಎಂದು ಹೇಳುವವರಿಗೆ ಬೆಟ್ಟಕ್ಕೆ ಹೋಗುವ ಕೆಲಸವಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಎರಡನೆಯ ಸಭೆಯಲ್ಲಿ ಹೀಗೆ ಹೇಳಿದೆ: ಈ ಜ್ವರ ಬಂದವರಲ್ಲಿ ನೂರಕ್ಕೆ ಮೂರರಿಂದ ಐದು ಜನ ತೀರಿಕೊಳ್ಳುತ್ತಾರೆ, ಉಳಿದವರು ಗುಣವಾಗುತ್ತಾರೆ, ಬೇಗ ಆಸ್ಪತ್ರೆಗೆ ಹೋದವರಿಗೆ ಅನುಕೂಲ ಹೆಚ್ಚು, ಇದು ಮನೆಯಿಂದ ಮನೆಗೆ ಬರುವುದಿಲ್ಲ, ಬೆಟ್ಟದ ನೆಲದಿಂದ ಬರುತ್ತದೆ. ಈ ಸಲ ಯಾರೂ ಎದ್ದು ಹೋಗಲಿಲ್ಲ, ಬದಲಿಗೆ ಎಣ್ಣೆ ಯಾವಾಗ ಬರುತ್ತದೆ ಎಂದು ಕೇಳಿದರು.

ಸಭೆ ಒಂದೇ ಸಲ ಕರೆದು ಬಿಟ್ಟರೆ ಸಾಲದು. ದಿನಕ್ಕೊಂದು ಹೊತ್ತು, ಒಂದು ಜಾಗ, ಒಬ್ಬ ವ್ಯಕ್ತಿ ಎಂದು ಗೊತ್ತು ಮಾಡಿ. ಡೇರಿಗೆ ಹಾಲು ತರುವ ಸಂಜೆಯ ಹೊತ್ತು ಎಲ್ಲಕ್ಕಿಂತ ಒಳ್ಳೆಯದು, ಏಕೆಂದರೆ ಪ್ರತಿ ಮನೆಯಿಂದ ಒಬ್ಬರು ಬಂದೇ ಬರುತ್ತಾರೆ. ಹೊಸದೇನೂ ಇಲ್ಲದ ದಿನವೂ ಹೊಸದೇನೂ ಇಲ್ಲ ಎಂದು ಹೇಳಬೇಕು, ಸುಮ್ಮನಿದ್ದರೆ ಮುಚ್ಚಿಡುತ್ತಿದ್ದಾರೆ ಎನ್ನುತ್ತಾರೆ. ಮೊಬೈಲಿನಲ್ಲಿ ಬಂದ ಸುದ್ದಿಯನ್ನು ಯಾರಾದರೂ ತಂದರೆ ಸುಳ್ಳು ಎಂದು ಮುಖಕ್ಕೆ ಹೊಡೆದಂತೆ ಹೇಳದೆ, ಯಾವ ಊರು, ಯಾವ ದಿನ, ಕಂಡವರು ಯಾರು ಎಂದು ಕೇಳಿ ಪುಸ್ತಕದಲ್ಲಿ ಬರೆದುಕೊಂಡು, ಆರೋಗ್ಯ ಕೇಂದ್ರದವರನ್ನು ವಿಚಾರಿಸಿ ಮರುದಿನ ಉತ್ತರ ಕೊಡಿ. ನಾಲ್ಕು ದಿನ ಹೀಗೆ ಮಾಡಿದರೆ ಸುದ್ದಿ ತರುವವರೇ ತರುವ ಮೊದಲು ಆ ಮೂರು ಪ್ರಶ್ನೆ ಕೇಳಿಕೊಂಡು ಬರುತ್ತಾರೆ. ರೋಗಿಗಳ ಸಂಖ್ಯೆ ಹೇಳಿ, ಅವರು ಹೋಗಿದ್ದ ಬೆಟ್ಟ ಯಾವುದೆಂದು ಹೇಳಿ, ಹೆಸರು ಹೇಳಬೇಡಿ. ಹಳ್ಳಿಯಲ್ಲಿ ಹೆಸರು ಹೇಗೂ ತಿಳಿಯುತ್ತದೆ ನಿಜ, ಆದರೂ ಅದು ನಿಮ್ಮ ಬಾಯಿಂದ ಬರಬಾರದು.

ಬೆಟ್ಟದ ಕೆಲಸ

‘ಕಾಡಿಗೆ ಹೋಗಬೇಡಿ’ ಎಂಬ ಬೋರ್ಡನ್ನು ಎಲ್ಲ ಊರಿನಲ್ಲೂ ಹಾಕುತ್ತಾರೆ. ಕೊಟ್ಟಿಗೆಗೆ ದರಗು ಬೇಕು, ತೋಟಕ್ಕೆ ಸೊಪ್ಪು ಬೇಕು, ಒಲೆಗೆ ಕಟ್ಟಿಗೆ ಬೇಕು, ದನ ಮೇಯಬೇಕು, ಇದೆಲ್ಲ ಇದ್ದವರಿಗೆ ಆ ಬೋರ್ಡಿನಿಂದ ಏನೂ ಪ್ರಯೋಜನವಿಲ್ಲ, ಹೋಗಿಯೇ ಹೋಗುತ್ತಾರೆ, ಆದರೆ ಕದ್ದು ಹೋಗುತ್ತಾರೆ, ಜ್ವರ ಬಂದಾಗ ಹೋಗಿದ್ದೆ ಎಂದು ವೈದ್ಯರಿಗೂ ಹೇಳುವುದಿಲ್ಲ. ಅದಕ್ಕಾಗಿ ಊರಿನ ನಕ್ಷೆಯನ್ನು ಮುಂದಿಟ್ಟುಕೊಂಡು, ಮಂಗ ಸತ್ತ ಮತ್ತು ಜ್ವರ ಬಂದವರು ಹೋಗಿದ್ದ ಬೆಟ್ಟಗಳನ್ನು ಪೂರ್ತಿ ಮುಚ್ಚಿ, ಉಳಿದ ಕಡೆ ಎಚ್ಚರಿಕೆಯಿಂದ ಹೋಗಬಹುದು ಎಂದು ಊರೇ ತೀರ್ಮಾನಿಸುವುದು ಮೇಲು. ಮುಚ್ಚಿದ ಬೆಟ್ಟದ ಮನೆಯವರಿಗೆ ಆ ವರ್ಷದ ದರಗನ್ನು ಬೇರೆಯವರು ಬಿಟ್ಟುಕೊಡಬೇಕಾಗುತ್ತದೆ, ಇಲ್ಲಿ ಜಗಳ ಬರುತ್ತದೆ, ಬಂದರೂ ಪರವಾಗಿಲ್ಲ, ಸಭೆಯಲ್ಲೇ ಆಡಿ ಮುಗಿಸಿ. ಸಾಧ್ಯವಿದ್ದವರು ಆ ಸಾಲಿಗೆ ಭತ್ತದ ಹುಲ್ಲು ಹಾಸಿ ಕೊಟ್ಟಿಗೆ ನಡೆಸಲಿ.

ಹೋಗುವವರು ಮೈ ತುಂಬ ಬಟ್ಟೆ ಹಾಕಿ, ಪ್ಯಾಂಟಿನ ತುದಿಯನ್ನು ಕಾಲುಚೀಲದ ಒಳಗೆ ಸೇರಿಸಿ, ಬರಿಗಾಲಿನಲ್ಲಿ ಹೋಗದೆ ಬೂಟು ಹಾಕಿಕೊಳ್ಳಬೇಕು. ಆರೋಗ್ಯ ಇಲಾಖೆ ಹಿಂದೆ ಡಿಎಂಪಿ ಎಣ್ಣೆ ಹಂಚುತ್ತಿತ್ತು, ಈಚೆಗೆ ಡೆಪಾ ಎಣ್ಣೆ ಕೊಡುತ್ತದೆ. ಅದನ್ನು ಹೊರಡುವ ಮೊದಲು ಕೈಕಾಲಿನ ತೆರೆದ ಭಾಗಕ್ಕೆ ಹಚ್ಚಿಕೊಳ್ಳಬೇಕು, ಬಾಟಲಿಯ ಮೇಲೆ ಬರೆದಷ್ಟು ಹೊತ್ತು ಮಾತ್ರ ಅದು ಕೆಲಸ ಮಾಡುತ್ತದೆ. ದರಗಿನ ರಾಶಿಯ ಮೇಲೆ ಕೂತು ಎಲೆಅಡಿಕೆಯ ಕವಳ ಹಾಕುವುದನ್ನು ಬಿಡುವುದು ನಮ್ಮವರಿಗೆ ಎಲ್ಲಕ್ಕಿಂತ ಕಷ್ಟದ ನಿಯಮ, ಹಾಗಾಗಿ ಜೊತೆಗೊಂದು ಪ್ಲಾಸ್ಟಿಕ್ ಹಾಳೆ ಒಯ್ಯಲು ಹೇಳಿ.

ಮನೆಗೆ ಬಂದ ಮೇಲಿನ ಅರ್ಧ ಗಂಟೆ ಬಹಳ ಮುಖ್ಯ. ಬಟ್ಟೆಯನ್ನು ಒಳಗೆ ತರದೆ ಹೊರಗಿನ ಕಲ್ಲಿನ ಮೇಲೆ ಕಳಚಿ ಬಿಸಿನೀರಿನಲ್ಲಿ ನೆನೆಹಾಕಬೇಕು, ಬಚ್ಚಲೊಲೆಯ ಬಿಸಿನೀರಿನಿಂದ ಸೋಪು ಹಚ್ಚಿ ಸ್ನಾನ ಮಾಡಬೇಕು, ಆಮೇಲೆ ಬೆಳಕಿನಲ್ಲಿ ಕೂತು ಮೈ ನೋಡಿಕೊಳ್ಳಬೇಕು: ಮಂಡಿಯ ಹಿಂಭಾಗ, ತೊಡೆಸಂದು, ಸೊಂಟದ ದಾರ ಕೂರುವ ಜಾಗ, ಕಂಕುಳು, ಕಿವಿಯ ಹಿಂಭಾಗ. ಒಮ್ಮೆ ನನ್ನ ಮಂಡಿಯ ಹಿಂದೆ ಇದ್ದ ಚುಕ್ಕೆಯನ್ನು ಕೊಳೆ ಎಂದು ಉಗುರಿನಿಂದ ಕೆರೆದೆ, ಅದು ಕಾಲು ಆಡಿಸಿತು. ಕಚ್ಚಿಕೊಂಡ ಉಣುಗನ್ನು ಚಿಮಟದಿಂದ ಚರ್ಮಕ್ಕೆ ತಾಗಿದಂತೆ ಹಿಡಿದು ನೇರವಾಗಿ ಮೇಲಕ್ಕೆ ಎಳೆಯಬೇಕು, ಆ ಜಾಗವನ್ನೂ ಕೈಯನ್ನೂ ಸೋಪಿನಿಂದ ತೊಳೆಯಬೇಕು. ಬೀಡಿಯ ಕಿಡಿ ಇಡುವುದು, ಸೀಮೆಎಣ್ಣೆ ಬಿಡುವುದು, ಎರಡು ಉಗುರಿನ ನಡುವೆ ಚಿಟಕ್ಕೆಂದು ಒಡೆಯುವುದು, ಈ ಮೂರೂ ಬೇಡ.

ದನದ ಮೈಯ ಉಣ್ಣೆಗೆ ಪಶುವೈದ್ಯರು ಹೇಳಿದ ಔಷಧಿ ಹಾಕಿಸಿ. ಹಾಲಿನಿಂದ ರೋಗ ಬಂದ ಪುರಾವೆ ಇಲ್ಲ. ಅನುಮಾನವಿದ್ದವರು ಕಾಯಿಸಿ ಕುಡಿಯಲಿ, ಹೇಗೂ ಕಾಯಿಸಿಯೇ ಕುಡಿಯುತ್ತೇವೆ.

ಜ್ವರ ಬಂದ ಮನೆ

ಉಣುಗು ಕಚ್ಚಿದ ಮೂರರಿಂದ ಎಂಟು ದಿನಗಳಲ್ಲಿ ಜ್ವರ ಥಟ್ಟನೆ ಏರುತ್ತದೆ, ತಲೆನೋವು, ಚಳಿ, ಸೊಂಟ ಮತ್ತು ಕಾಲಿನ ಮಾಂಸಖಂಡಗಳಲ್ಲಿ ತಡೆಯಲಾಗದ ನೋವು, ಕಣ್ಣು ಕೆಂಪಾಗುವುದು, ವಾಂತಿ, ಕೆಲವರಿಗೆ ವಸಡು ಅಥವಾ ಮೂಗಿನಿಂದ ರಕ್ತ. ಇದಕ್ಕೆಂದೇ ಇರುವ ಔಷಧಿ ಇಲ್ಲ, ಆದರೆ ನೀರಿನಂಶ, ರಕ್ತಸ್ರಾವ, ರಕ್ತದ ಒತ್ತಡ ಇವನ್ನು ನೋಡಿಕೊಳ್ಳುವುದರಿಂದಲೇ ಜೀವ ಉಳಿಯುತ್ತದೆ. ಅಂಗಡಿಯ ನೋವಿನ ಮಾತ್ರೆ, ಆಸ್ಪಿರಿನ್ ಮೊದಲಾದವು ರಕ್ತಸ್ರಾವ ಹೆಚ್ಚಿಸಬಹುದಾದ್ದರಿಂದ ವೈದ್ಯರು ಹೇಳದೆ ಕೊಡಬೇಡಿ. ರಕ್ತದ ಮಾದರಿ ಕೊಡುವಾಗ ಜ್ವರ ಶುರುವಾದ ದಿನಾಂಕವನ್ನು ಸರಿಯಾಗಿ ಹೇಳಿ, ಯಾವ ಪರೀಕ್ಷೆ ಮಾಡಬೇಕು ಎಂಬುದು ಅದರ ಮೇಲೆ ನಿಂತಿದೆ.

ಜ್ವರ ಬಿಟ್ಟು ರೋಗಿ ಗಂಜಿ ಉಂಡು ಅಂಗಳದಲ್ಲಿ ಓಡಾಡತೊಡಗಿದ ಮೇಲೂ ಮೂರನೆಯ ವಾರ ಮುಗಿಯುವವರೆಗೆ ಮೈಮರೆಯಬಾರದು. ನೂರರಲ್ಲಿ ಹತ್ತಿಪ್ಪತ್ತು ಜನರಿಗೆ ಜ್ವರ ಮರಳಿ ಬರುತ್ತದೆ, ಆಗ ತೀವ್ರ ತಲೆನೋವು, ನಡುಕ, ಮಾತು ತೊದಲುವುದು, ಗೊಂದಲ ಕಂಡರೆ ರಾತ್ರಿಯೆಂದು ನೋಡದೆ 108ಕ್ಕೆ ಕರೆ ಮಾಡಬೇಕು.

ಆ ಮನೆಯ ಜೊತೆ ಊರು ನಡೆದುಕೊಳ್ಳುವ ರೀತಿಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಒಂದು ಊರಿನಲ್ಲಿ ಜ್ವರ ಬಂದ ಮನೆಯ ಹಾಲನ್ನು ಡೇರಿಯಲ್ಲಿ ಅಳೆಯದೆ ಬೇರೆ ಇಟ್ಟರು. ಯಾರೂ ಬಾಯಿಬಿಟ್ಟು ಏನೂ ಹೇಳಲಿಲ್ಲ, ಕ್ಯಾನನ್ನು ಸುಮ್ಮನೆ ಬದಿಗೆ ಸರಿಸಿದರು. ಆ ಮನೆಯ ಹೆಂಗಸು ಮರುದಿನದಿಂದ ಡೇರಿಗೆ ಬರುವುದನ್ನೇ ನಿಲ್ಲಿಸಿದಳು. ಅದರ ಪರಿಣಾಮ ಕಂಡದ್ದು ಹತ್ತು ದಿನದ ಮೇಲೆ, ಮತ್ತೊಂದು ಮನೆಯಲ್ಲಿ ಜ್ವರ ಬಂದಾಗ: ಅವರು ಶೀತ ಎಂದು ಹೇಳಿಕೊಂಡು ನಾಲ್ಕು ದಿನ ಮನೆಯಲ್ಲೇ ಇಟ್ಟುಕೊಂಡರು. ಹಾಗಾಗಿ ಊರಿನ ಮುಖ್ಯರಾದವರು ಮೊದಲ ದಿನವೇ ಆ ಮನೆಗೆ ಎಲ್ಲರಿಗೂ ಕಾಣುವಂತೆ ಹೋಗಬೇಕು, ಜಗಲಿಯಲ್ಲಿ ಕೂತು ಕೊಟ್ಟ ಚಹಾ ಕುಡಿದು ಬರಬೇಕು. ಕೊಯ್ಲಿನ ಕಾಲವಾದ್ದರಿಂದ ಅವರ ಕೊನೆ ಇಳಿಸಲು, ಅಡಿಕೆ ಸುಲಿಯಲು ಸರದಿಯಲ್ಲಿ ಆಳು ಕಳಿಸಿ. ಆಸ್ಪತ್ರೆಯಲ್ಲಿ ರೋಗಿಯ ಜೊತೆ ತಂಗಲು ಇಬ್ಬರು ಬೇಕಾಗುತ್ತದೆ, ದನ ಕರೆಯಲು ಒಬ್ಬರು ಬೇಕಾಗುತ್ತದೆ, ಇದನ್ನು ಅವರೇ ಬಂದು ಕೇಳಲಿ ಎಂದು ಕಾಯಬೇಡಿ. ಸಾವು ಸಂಭವಿಸಿದರೆ ಆಸ್ಪತ್ರೆಯವರು ಹೇಳಿದ ಸೂಚನೆ ಪಾಲಿಸಿ ಸಂಸ್ಕಾರಕ್ಕೆ ಎಲ್ಲರೂ ಹೋಗಬಹುದು, ಹೋಗಬೇಕು.

ಊರು ಬಿಡುವವರು, ಊರಿಗೆ ಬರದವರು

1994ರಲ್ಲಿ ಸೂರತ್‌ನಲ್ಲಿ ಪ್ಲೇಗ್ ಎಂಬ ಸುದ್ದಿ ಹಬ್ಬಿದಾಗ ಕೆಲವೇ ದಿನಗಳಲ್ಲಿ ಲಕ್ಷಾಂತರ ಜನ ಊರು ಬಿಟ್ಟರು. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂದಾಗಲೂ ಜನ ಹೀಗೆಯೇ ಓಡಿದ್ದರು. ಮಂಗನ ಕಾಯಿಲೆಯಲ್ಲಿ ಊರು ಬಿಡುವವರನ್ನು ತಡೆಯಬೇಕಾದ ಕಾರಣವೇ ಇಲ್ಲ, ಅವರು ರೋಗವನ್ನು ಹೊತ್ತು ಹೋಗಿ ಯಾರಿಗೂ ಕೊಡುವುದಿಲ್ಲ. ಆದರೆ ಒಂದು ಮಾತನ್ನು ಅವರ ಕಿವಿಗೆ ಹಾಕಿ ಕಳಿಸಿ. ರಜೆ ಮುಗಿಸಿ ಬೆಂಗಳೂರಿಗೆ, ಮಂಗಳೂರಿಗೆ ಮರಳಿದ ಹುಡುಗನಿಗೆ ಅಲ್ಲಿ ವಾರದೊಳಗೆ ಜ್ವರ ಬಂದರೆ, ವೈದ್ಯರು ಡೆಂಗಿ ಎಂದೇ ಮೊದಲು ಯೋಚಿಸುತ್ತಾರೆ. ಊರಿನಲ್ಲಿ ಬೆಟ್ಟಕ್ಕೆ ಹೋಗಿದ್ದೆ, ಅಲ್ಲಿ ಕೆಎಫ್‌ಡಿ ಇದೆ ಎಂದು ಅವನೇ ಬಾಯಿಬಿಟ್ಟು ಹೇಳಬೇಕು. ಮದುವೆ, ಉಪನಯನ ಮುಂದೂಡುವ ಅಗತ್ಯವಿಲ್ಲ. ಹೊರಗಿನಿಂದ ಬರುವ ಕೊಯ್ಲಿನ ಕೆಲಸಗಾರರಿಗೆ ಮಾತ್ರ ಈ ಬೆಟ್ಟ ಹೊಸದು, ಅವರಿಗೆ ಎಣ್ಣೆ ಮತ್ತು ಬಿಸಿನೀರು ಕೊಡುವುದು ತೋಟದ ಯಜಮಾನನ ಹೊಣೆ.

ಸಿಟ್ಟು ಮತ್ತು ಲಸಿಕೆ

2018ರ ಡಿಸೆಂಬರಿನಿಂದ ಸಾಗರ ತಾಲೂಕಿನ ಅರಲಗೋಡು ಸುತ್ತಮುತ್ತ ರೋಗ ಜೋರಾಗಿ ಹಲವರು ತೀರಿಕೊಂಡಾಗ, ಅನೇಕ ರೋಗಿಗಳನ್ನು ಮಣಿಪಾಲದವರೆಗೆ ಸಾಗಿಸಬೇಕಾಯಿತು. ಅಂಥ ದೂರದ ದಾರಿಯಲ್ಲಿ ಜನರಿಗೆ ಸಿಟ್ಟು ಬರುವುದು ನ್ಯಾಯವೇ. ಆ ಸಿಟ್ಟನ್ನು ಎಣ್ಣೆಯ ಬಾಟಲಿ ಹಿಡಿದು ಮನೆಮನೆಗೆ ಬರುವ ಆಶಾ ಕಾರ್ಯಕರ್ತೆಯ ಮೇಲೆ ತೀರಿಸಿಕೊಳ್ಳುವುದು ಮಾತ್ರ ಅನ್ಯಾಯ. ವರದಿ ಎಷ್ಟು ದಿನದಲ್ಲಿ ಬರುತ್ತದೆ, ಆಂಬ್ಯುಲೆನ್ಸ್ ಎಲ್ಲಿ ನಿಂತಿರುತ್ತದೆ, ದೊಡ್ಡ ಆಸ್ಪತ್ರೆಯ ಖರ್ಚು ಯಾರದು, ಈ ಮೂರು ಪ್ರಶ್ನೆಗಳನ್ನು ಗ್ರಾಮಸಭೆಯ ಠರಾವಿನಲ್ಲಿ ಬರೆದು ತಾಲೂಕು ಆರೋಗ್ಯಾಧಿಕಾರಿಗೆ ಕೊಟ್ಟು, ಸ್ವೀಕೃತಿಯ ಸಹಿ ಪಡೆಯಿರಿ.

ಲಸಿಕೆಯ ಬಗ್ಗೆ ಖಂಡಿತ ಕೇಳುತ್ತಾರೆ. ಬೆಂಗಳೂರಿನ ಹೆಬ್ಬಾಳದಲ್ಲಿ ತಯಾರಾಗುತ್ತಿದ್ದ ಹಳೆಯ ಲಸಿಕೆಯನ್ನು 1990ರ ದಶಕದಿಂದ ಕೊಡುತ್ತಿದ್ದರು, ತಿಂಗಳ ಅಂತರದಲ್ಲಿ ಎರಡು ಸಲ, ಆಮೇಲೆ ಬೂಸ್ಟರ್. ಚುಚ್ಚಿದ ಜಾಗ ಉರಿಯುತ್ತದೆ ಎಂದು ಬಹಳ ಜನ ಎರಡನೆಯ ಸಲಕ್ಕೆ ಬರುತ್ತಲೇ ಇರಲಿಲ್ಲ. ಅದರ ಶಕ್ತಿ ಸಾಲುತ್ತಿಲ್ಲ ಎಂದು ಕಂಡು 2022ರಲ್ಲಿ ನಿಲ್ಲಿಸಿದರು, ಹೊಸ ಲಸಿಕೆಯ ಕೆಲಸ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಮುಂದಾಳತ್ವದಲ್ಲಿ ನಡೆದಿದೆ. ಇದನ್ನು ಇದ್ದ ಹಾಗೆ ಹೇಳಿ. ಹಳೆಯ ಲಸಿಕೆ ತೆಗೆದುಕೊಂಡಿದ್ದೇನೆ ಎಂಬ ಧೈರ್ಯದಲ್ಲಿ ಬರಿಗಾಲಿನಲ್ಲಿ ಹೋಗುವವರಿಗೆ ಇದನ್ನು ಇನ್ನೂ ಸ್ಪಷ್ಟವಾಗಿ ಹೇಳಿ.

ಮಳೆ ಬಿದ್ದ ಮೇಲೆ

ಜೂನಿನಲ್ಲಿ ಮಳೆ ಹಿಡಿದರೆ ಉಣುಗು ಇಳಿಯುತ್ತದೆ, ಜ್ವರ ನಿಲ್ಲುತ್ತದೆ, ಊರು ಎಲ್ಲವನ್ನೂ ಮರೆಯುತ್ತದೆ. ಡೇರಿಯ ಪುಸ್ತಕವನ್ನು ಆಗ ಕಪಾಟಿನೊಳಗೆ ಎಸೆಯದೆ, ಮಂಗ ಸತ್ತ ಜಾಗ, ದಿನ, ಫೋನು ಮಾಡಿದ ಸಮಯ, ಸಿಬ್ಬಂದಿ ಬಂದ ಸಮಯ, ಜ್ವರ ಬಂದವರು ಹೋಗಿದ್ದ ಬೆಟ್ಟ ಇಷ್ಟನ್ನು ಒಂದು ಪುಟಕ್ಕೆ ಇಳಿಸಿ ಪಂಚಾಯಿತಿಗೆ ಕೊಡಿ. ದೀಪಾವಳಿ ಮುಗಿದ ವಾರ ಆ ಪುಟವನ್ನು ಹೊರತೆಗೆದು, ಎಣ್ಣೆಗೆ ಬೇಡಿಕೆ ಪತ್ರವನ್ನು ಕೊಯ್ಲು ಶುರುವಾಗುವ ಮೊದಲೇ ಕಳಿಸಬೇಕು. ಬೇಡಿಕೆ ಹೋಗಿ ಬಾಟಲಿ ಊರಿಗೆ ತಲುಪಲು ಹಿಡಿಯುವ ದಿನಗಳನ್ನು ಹಿಂದಿನ ಸಾಲಿನ ಪುಸ್ತಕದಲ್ಲಿಯೇ ಎಣಿಸಿಕೊಳ್ಳಬಹುದು.